ಅಪ್ಪನ ಕೊಕ್ಕರೆ ಸಿಗರೇಟು

ರಾಯದುರ್ಗ
೧೧ ಡಿಸೆಂಬರ್ ೨೦೦೫, ಭಾನುವಾರ

ಪ್ರೀತಿಯ ಬೋರಣ್ಣನಿಗೆ,

ನಿನ್ನ ತಂಗಿ ಬನಶಂಕರಿಯ, ನಿಮ್ಮೆಲ್ಲರ ಬನ್ನಿಯ, ನಮಸ್ಕಾರಗಳು. ಹೇಗಿದ್ದೀಯ? ಜೋರ್ಡಾನಿನ ನಿಮ್ಮ ಇರ್ಬಿದ್ ಊರಿನಲ್ಲಿ ಡಿಸೆಂಬರ್ ಬಂತೆಂದರೆ ನಲ್ಲಿ ನೀರಿಗೆ ಕೈಯಿಡಲು ಆಗುವುದಿಲ್ಲ ಎಂದು ಹೋದ ವರ್ಷ ನೀನೇ ಬರೆದಿದ್ದೆ. ಈ ವರ್ಷವಾದರೂ ಒಂದು ಒಳ್ಳೆಯ ರಗ್ಗು ಕೊಂಡೆಯಾ? ಇಡೀ ದಿನ ಗಾರ್ಮೆಂಟ್ಸ್ ಫ್ಯಾಕ್ಟರಿಯ ಕಟಿಂಗ್ ಟೇಬಲ್ಲಿನ ಮುಂದೆ ನಿಂತು ಮೊಣಕಾಲು ಊದಿಕೊಳ್ಳುತ್ತಿತ್ತಲ್ಲ, ಅದು ಹೇಗಿದೆ? ಶೇಂಗಾ ಚಟ್ನಿಪುಡಿ ಮುಗಿದಿರಬಹುದು. ಈ ಸಲ ಮಡಕಶಿರದಲ್ಲಿ ನಾನೇ ಕುಟ್ಟಿದ್ದನ್ನು ಕಳಿಸುತ್ತಿದ್ದೇನೆ. ಬೆಳ್ಳುಳ್ಳಿ ಜಾಸ್ತಿ ಹಾಕಿದ್ದೇನೆ, ರೂಮಿನವರು ಬೈದರೆ ಬೈಯಲಿ. ಉಜ್ಜಿನಮ್ಮ ಅತ್ತಿಗೆ ಚೆನ್ನಾಗಿದ್ದಾಳೆ. ನಿನ್ನ ಮಗಳು ಮೌನಿಕಾ ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ. ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ನಿಲ್ಲಿಸಿದರೆಂದು ಬಂದು ಮುಖ ಊದಿಸಿಕೊಂಡು ಕೂತಿದ್ದಳು, ಅಜ್ಜನನ್ನು ಬಿಟ್ಟು ಯಾರ ಜೊತೆಯೂ ಮಾತಿಲ್ಲ.

ಅಪ್ಪನೂ ಚೆನ್ನಾಗಿದ್ದಾನೆ. ಇದನ್ನು ಹೇಳುವುದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಅಪ್ಪನದು ಕ್ಯಾನ್ಸರ್ ಅಲ್ಲ ಅಣ್ಣ. ಅಲ್ಲವೇ ಅಲ್ಲ. ಈ ಸಾಲನ್ನು ಇನ್ನೊಮ್ಮೆ ಓದಿಕೊಂಡು, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಕ್ಕೆ ಹೋಗು. ಫೋನಿನಲ್ಲಿ ಅತ್ತಿಗೆ “ಅದಲ್ಲಂತ್ರಿ, ಅದಲ್ಲಂತ” ಎಂದು ಕೂಗುತ್ತಿದ್ದಾಗಲೇ ನಿನ್ನ ಕಾರ್ಡು ಮುಗಿದು ಲೈನು ಕಟ್ಟಾಯಿತು. ನಿನಗೆ ಎಷ್ಟು ಕೇಳಿಸಿತೋ, ಏನೆಂದುಕೊಂಡೆಯೋ. ಅದಕ್ಕಿಂತ ಹಿಂದಿನ ಸಲ ಫೋನು ಮಾಡಿದಾಗ ನೀನು “ನಾನೇ ಕೈಯಾರ ಕಳಿಸೀನಿ ಬನ್ನಿ, ನಾನೇ ಅಪ್ಪನ್ನ ತಿಂದುಬಿಟ್ಟೆ” ಎಂದು ಅತ್ತೆಯಲ್ಲ, ಆ ಮಾತು ನನ್ನ ಕಿವಿಯಲ್ಲೇ ಕೂತಿದೆ. ಅದನ್ನು ಕಿತ್ತು ಹಾಕಬೇಕಾದರೆ ನಡೆದದ್ದನ್ನೆಲ್ಲ ಸಾಲಾಗಿ ಹೇಳಬೇಕು. ಫೋನಿನಲ್ಲಿ ಅಷ್ಟು ಹೇಳಲಾಗದು.

ದೀಪಾವಳಿಗೆ ಮುಂಚಿನಿಂದಲೂ ಅಪ್ಪ ಕೆಮ್ಮುತ್ತಿದ್ದನಂತೆ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ಹೊಲಿಗೆ ಮಿಷನ್ನಿನ ಸದ್ದು ಮತ್ತು ಕೆಮ್ಮಿನ ಸದ್ದು ಒಟ್ಟಿಗೇ ಕೇಳಿಕೊಂಡು ಬಂದವರಲ್ಲವೇ ನಾವು? ಈಗ ಅವನು ಮನೆಯಲ್ಲೇ ಕೂತು ಅತ್ತಿಗೆ ಕೆಲಸ ಮಾಡುವ ಹೊಲಿಗೆ ಯೂನಿಟ್ಟಿನಿಂದ ಬರುವ ಜೀನ್ಸ್ ಪ್ಯಾಂಟುಗಳಿಗೆ ಜಿಪ್ಪು ಕೂಡಿಸುತ್ತಾನೆ. ಕೆಮ್ಮು ಬಂದಾಗ ಬಾಯಿಗೆ ಹಿಡಿಯುವುದು ನೀಲಿ ಬಟ್ಟೆಯ ಚೂರು. ನೀಲಿ ಜೀನ್ಸ್ ಮೇಲೆ ಕೆಂಪು ಕಾಣುವುದಿಲ್ಲ. ಹಾಗಾಗಿ ಎಷ್ಟು ದಿನದಿಂದ ಮುಚ್ಚಿಟ್ಟಿದ್ದನೋ ಅವನಿಗೇ ಗೊತ್ತು. ಒಂದು ದಿನ ಕೈಗೆ ಸಿಕ್ಕಿದ್ದು ಜೇಬಿಗೆ ಹಾಕುವ ಬಿಳಿ ಬಟ್ಟೆ. ಅದು ನೆಲಕ್ಕೆ ಬಿದ್ದದ್ದನ್ನು ಗುಡಿಸಲು ಬಂದ ಅತ್ತಿಗೆ ನೋಡಿದಳು. ಅವತ್ತು ಮಧ್ಯಾಹ್ನವೇ ಮಡಕಶಿರದ ನಮ್ಮ ಮನೆಗೆ ಫೋನು ಬಂತು. “ಬನ್ನಿ, ಹೆಂಗಿದ್ದೀಯೋ ಹಂಗs ಬಾ” ಎಂದಷ್ಟೇ ಹೇಳಿದಳು. ನಾನು ಪಾವಗಡ, ಕಲ್ಯಾಣದುರ್ಗ ಎಂದು ಬಸ್ಸು ಬದಲಾಯಿಸಿಕೊಂಡು ಬಂದು ಇಳಿಯುವಷ್ಟರಲ್ಲಿ ಅಪ್ಪ ಏನೂ ಆಗದವನಂತೆ ಕಟ್ಟೆಯ ಮೇಲೆ ಕೂತು ಸಿಗರೇಟು ಸೇದುತ್ತಿದ್ದ. ಅದೇ ಹಳದಿ ಪ್ಯಾಕಿನ ವೈಟ್ ಹೆರಾನ್. ಊರೆಲ್ಲ ಕರೆಯುವ ಹಾಗೆ ಕೊಕ್ಕರೆ ಸಿಗರೇಟು. ನನ್ನನ್ನು ನೋಡಿ, “ನಿನ್ನ ಯಾಕ ಕರೆಸ್ಯಾಳಕಿ? ರೇಶ್ಮಿ ಹುಳ ಮೇಯ್ಸಾದು ಬಿಟ್ಟು ಬಂದಿಯೇನ?” ಎಂದ. ಅಂಗಿಯೊಳಗೆ ಅವನ ಭುಜದ ಎಲುಬು ಹ್ಯಾಂಗರಿನಂತೆ ಕಾಣುತ್ತಿತ್ತು.

ಮರುದಿನ ಎದೆಯ ಫೋಟೋ ತೆಗೆಸಿದೆವು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಪೈನ ಮಚ್ಚ ಉಂದಮ್ಮಾ” ಎಂದರು, ಬಲಗಡೆ ಮೇಲೆ ಒಂದು ಮಚ್ಚೆ ಇದೆ ಎಂದು. ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ವಯಸ್ಸು, ಸಿಗರೇಟು, ರಕ್ತ, ತೂಕ ಇಳಿದದ್ದು ಎಲ್ಲ ಸೇರಿಸಿ ಅವರು ಬೆಂಗಳೂರಿಗೆ ಕರೆದುಕೊಂಡು ಹೋಗಲು ಹೇಳಿದರು. ಆ ರೋಗದ ಹೆಸರನ್ನು ಮಾತ್ರ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನೀನು ಹೋದ ಯುಗಾದಿಗೆ ಬಂದಾಗ ನಿಮ್ಮ ಸಿಂಗಪುರದ ಸೂಪರ್‌ವೈಸರ್ ಕೊಟ್ಟದ್ದೆಂದು ಒಂದು ಪ್ಯಾಕು ತಂದಿದ್ದೆಯಲ್ಲ, ಕೊಕ್ಕರೆ ಮೂಲೆಗೆ ಸರಿದು ಪ್ಯಾಕಿನ ಅರ್ಧಕ್ಕೆ ಕೊಳೆತ ಶ್ವಾಸಕೋಶದ ಚಿತ್ರ ಇದ್ದದ್ದು? ಅವತ್ತು ನಾವೆಲ್ಲ ಅದನ್ನು ನೋಡಿ ನಕ್ಕಿದ್ದೆವು. ಮಾರುವವನೇ ಕೊಳ್ಳಬೇಡ ಎಂದು ಬರೆಯುವ ಅಂಗಡಿ ಯಾವುದಪ್ಪ ಎಂದು ಅತ್ತಿಗೆ ಬಿದ್ದು ಬಿದ್ದು ನಕ್ಕಿದ್ದಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಇಬ್ಬರ ತಲೆಯಲ್ಲಿದ್ದದ್ದೂ ಅದೇ ಚಿತ್ರ. ನಿನಗೆ ಫೋನಿನಲ್ಲಿ ಹೇಳಿದಾಗ ನಿನ್ನ ತಲೆಗೂ ಅದೇ ಬಂತೆಂದು ಕಾಣುತ್ತದೆ. ಮಾರಿಷಸ್‌ನಿಂದ, ಬಹ್ರೇನ್‌ನಿಂದ, ಈಗ ಜೋರ್ಡಾನಿನಿಂದ, ಯಾರು ಊರಿಗೆ ಹೊರಟರೂ ಅವರ ಕೈಯಲ್ಲಿ ಅಪ್ಪನಿಗೆಂದು ಕೊಕ್ಕರೆ ಪ್ಯಾಕು ಕೊಟ್ಟು ಕಳಿಸಿದವನು ನೀನು.

ಬೆಂಗಳೂರಿಗೆ ಮಡಕಶಿರದಿಂದ ನೇರ ಬಸ್ಸು ಇರುವುದರಿಂದ ಅಪ್ಪನನ್ನು ನಮ್ಮ ಮನೆಗೇ ಕರೆದುಕೊಂಡು ಹೋದೆ. ಅಲ್ಲಿ ಹೊಸ ತಾಪತ್ರಯ. ನಮ್ಮ ಮನೆಯಲ್ಲಿ ಹುಳ ಮೂರನೇ ಜ್ವರ ಎದ್ದು, ಅಂದರೆ ಮೂರನೇ ಸಲ ಪೊರೆ ಬಿಟ್ಟು, ಗಬಗಬ ಮೇಯುವ ಹೊತ್ತು. ರೇಷ್ಮೆ ಹುಳಕ್ಕೆ ತಂಬಾಕು ಎಂದರೆ ಸಾಕ್ಷಾತ್ ವಿಷ. ಸೇದಿದ ಕೈಯಿಂದ ಸೊಪ್ಪು ಮುಟ್ಟಿದರೂ ಹುಳ ತಲೆಯೆತ್ತಿ ಹಸಿರು ಕಕ್ಕಿ ಸತ್ತುಹೋಗುತ್ತದೆ. ನಮ್ಮ ಯಜಮಾನರು ಚೌಡೇಶ್ ನಿನಗೆ ಗೊತ್ತಲ್ಲ, ಮಾವನ ಎದುರು ಬಾಯಿಬಿಡುವವರೇ ಅಲ್ಲ. ಬಾಗಿಲಲ್ಲಿ ನಿಂತು ಟವೆಲ್ಲು ಹಿಂಡುತ್ತಾ, “ಮಾವ, ತಪ್ಪು ತಿಳ್ಕೋಬ್ಯಾಡಿ, ಒಳಗೆ ಹುಳ ಅವೆ, ಸೇದಂಗಿದ್ರೆ ಆ ಬೇವಿನ ಮರದತ್ರ…” ಎಂದು ತಡವರಿಸಿದರು. ಅಪ್ಪ ಮೊದಲ ದಿನ ಬೇವಿನ ಮರದ ಹತ್ತಿರ ಹೋದ. ಬಂದು ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ, ಅಂಗಿ ಬದಲಾಯಿಸಿ ಒಳಗೆ ಬಂದ. ಮೊಮ್ಮಕ್ಕಳನ್ನು ನೋಡುವ ಹಾಗೆ ಹುಳ ನೋಡುವ ಆಸೆ ಅವನಿಗೆ. ಮುಂದಿನ ದಿನ ಒಂದೇ ಸಲ ಹೋದ. ಅದರಾಚೆ ದಿನ ಹೋಗಲೇ ಇಲ್ಲ. ಬುಟ್ಟಿಯಲ್ಲಿ ಸೊಪ್ಪು ತಂದು ತಟ್ಟೆಗೆ ಹರಡುತ್ತಾ ಕೂತಿರುತ್ತಿದ್ದ. ಹುಳ ಮೇಯುವಾಗ ಮಳೆ ಬಂದ ಹಾಗೆ ಸದ್ದಾಗುತ್ತದಲ್ಲ, ಅದನ್ನು ಕೇಳುತ್ತಾ ಅಲ್ಲೇ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದ. ಸುಮ್ಮಸುಮ್ಮನೆ ರೇಗುತ್ತಿದ್ದ, ಕಾಫಿಗೆ ಸಕ್ಕರೆ ಸಾಲದೆಂದು ನನ್ನ ಮೇಲೆ ಕೂಗಾಡಿದ. ಆದರೂ ಸೇದಲಿಲ್ಲ.

ಬೆಂಗಳೂರಿನಲ್ಲಿ ಗಂಟಲಿನಿಂದ ಒಂದು ಕೊಳವೆ ಇಳಿಸಿ, ಒಳಗಿನದನ್ನು ಚೂರು ತೆಗೆದರು. ಫಲಿತಾಂಶಕ್ಕೆ ಮುಂದಿನ ವಾರ ಬನ್ನಿ ಎಂದರು. ಆ ವಾರ ಹೇಗೆ ಕಳೆಯಿತು ಎಂದು ಕೇಳಬೇಡ. ಕಳೆದದ್ದು ಎರ್ರಪ್ಪನವರಿಂದ. ನಮ್ಮ ಪಕ್ಕದ ಮನೆಯ ಹಿರಿಯರು, ನೀನು ನನ್ನ ಮದುವೆಯಲ್ಲಿ ನೋಡಿರಬಹುದು, ಕೈಯಲ್ಲಿ ಕೊಡೆ ಇಲ್ಲದೆ ಹೊರಗೆ ಹೊರಡದವರು. ಅವರು ಮೊದಲು ಸಿಗರೇಟು ಏಜೆನ್ಸಿಯಲ್ಲಿ ಸೇಲ್ಸ್‌ಮನ್ ಆಗಿದ್ದರೆಂದು ಕೇಳಿದ್ದೆ, ಯಾವ ಸಿಗರೇಟು ಎಂದು ಯೋಚಿಸಿರಲಿಲ್ಲ. ಅಪ್ಪನ ಜೇಬಿನಿಂದ ಇಣುಕುತ್ತಿದ್ದ ಹಳದಿ ಪ್ಯಾಕು ನೋಡಿ, “ಅಯ್ಯೋ, ನಮ್ ಕೊಕ್ಕರೆ!” ಎಂದು ಜಗಲಿಯ ಮೇಲೆ ಕೂತವರು ಆಮೇಲೆ ದಿನಾ ಬಂದರು.

ಆ ಕೊಕ್ಕರೆಗೆ ಇಷ್ಟು ದೊಡ್ಡ ಚರಿತ್ರೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅದು ಹುಟ್ಟಿದ್ದು ಇಂಗ್ಲೆಂಡಿನ ಒಂದು ಬಂದರಿನಲ್ಲಂತೆ. ಹೊಳೆ ಸಮುದ್ರಕ್ಕೆ ಸೇರುವ ಜವುಗು, ಅಲ್ಲಿ ಒಬ್ಬ ತಂಬಾಕಿನ ವ್ಯಾಪಾರಿಯ ಗೋದಾಮು, ಅದರ ಮಾಡಿನ ಮೇಲೆ ದಿನವೂ ಒಂದು ಬಿಳಿ ಕೊಕ್ಕರೆ ಬಂದು ಒಂಟಿ ಕಾಲಿನಲ್ಲಿ ನಿಲ್ಲುತ್ತಿತ್ತಂತೆ. ಹಡಗಿನವರಿಗೆಂದು ದುಂಡನೆಯ ತಗಡಿನ ಡಬ್ಬಿಯಲ್ಲಿ ಸಿಗರೇಟು ತುಂಬಿಸಿ, ಮೇಲೆ ಆ ಹಕ್ಕಿಯ ಚಿತ್ರ ಹಾಕಿದನಂತೆ. ಆ ಡಬ್ಬಿಗಳು ಮದರಾಸಿಗೆ ಬಂದು, ರೈಲಿನಲ್ಲಿ ಬಳ್ಳಾರಿಯ ದಂಡಿಗೆ ಬಂದವು. ಬಿಳಿಯ ಅಧಿಕಾರಿಗಳು ಸೇದಿ ಬಿಸಾಡಿದ ಖಾಲಿ ಡಬ್ಬಿಗಳನ್ನು ಅವರ ಅಡುಗೆಯವರು ಸಂತೆಯಲ್ಲಿ ಮಾರುತ್ತಿದ್ದರು. ಇಷ್ಟು ಕೇಳಿದ್ದೇ ಅಪ್ಪ ಎದ್ದು ಕೂತ. “ನಮ್ಮವ್ವ ಗುಂಡಿ ಇಡ್ತಿದ್ದ ಡಬ್ಬಿ! ಅದರ ಮ್ಯಾಲ ಹಸರು ಕೊಕ್ಕರಿ ಇತ್ತು!” ಹಸಿರಾದರೆ ಅದು ಯುದ್ಧಕ್ಕೆ ಮೊದಲಿನದು ಎಂದರು ಎರ್ರಪ್ಪ. ಯುದ್ಧ ಶುರುವಾದ ಮೇಲೆ ತಗಡೂ ಇಲ್ಲ, ಬಣ್ಣವೂ ಇಲ್ಲ. ಒರಟು ಕಾಗದದ ಪ್ಯಾಕು, ಅದರ ಮೇಲೆ ಇದ್ದಿಲಿನ ಹಾಗೆ ಕಪ್ಪಾದ ಕೊಕ್ಕರೆ. ಬಿಳಿಯರು ಬಿಟ್ಟುಹೋದ ಮೇಲೆ ಇಲ್ಲೇ ಕಾರ್ಖಾನೆ ಹಾಕಿ, ನಮ್ಮಂಥವರ ಕೈಗೆ ಸಿಗಲೆಂದು ಈ ಹಳದಿ ಪ್ಯಾಕು ಮಾಡಿದರಂತೆ. ಮುಂದೆ ಫಿಲ್ಟರು ಬಂದಾಗ ಗುಮಾಸ್ತರಿಗೆಂದು ಇನ್ನೊಂದು ಬಿಳಿ ಪ್ಯಾಕು ಬಂತು, ಅದರಲ್ಲಿ ಮಾತ್ರ ಕೊಕ್ಕರೆ ಹಾರುತ್ತಿತ್ತು. ನಮ್ಮ ಕಡೆ ಅದು ಓಡಲಿಲ್ಲ. ನಿಂತ ಕೊಕ್ಕರೆಯೇ ಬೇಕು, ಹಾರಿದ್ದು ನಕಲಿ ಎಂದು ಗುಮ್ಮಘಟ್ಟದ ಅಂಗಡಿಯವರು ಬಂಡಲುಗಟ್ಟಲೆ ವಾಪಸು ಕೊಟ್ಟರಂತೆ.

ಇನ್ನು ನೀನು ಕಳಿಸಿದ ಪ್ಯಾಕುಗಳು ಒಂದೊಂದು ಒಂದೊಂದು ತರಹ ಏಕಿದ್ದವು ಎನ್ನುವುದೂ ಅವತ್ತು ಗೊತ್ತಾಯಿತು. ಆ ಇಂಗ್ಲಿಷ್ ವ್ಯಾಪಾರಿಯ ಮೊಮ್ಮಕ್ಕಳು ಕೊಕ್ಕರೆಯನ್ನು ಪಾಲು ಮಾಡಿ ಮಾರಿಬಿಟ್ಟರಂತೆ. ಈ ದೇಶದ ಹಕ್ಕು ಒಂದು ಕಂಪೆನಿಗೆ, ಅರಬರ ದೇಶಗಳದ್ದು ಇನ್ನೊಂದಕ್ಕೆ, ಪೂರ್ವದ ಕಡೆಯದು ಮತ್ತೊಂದಕ್ಕೆ. ಹೆಸರೊಂದೇ, ಹಕ್ಕಿಯೊಂದೇ, ಹೊಗೆಸೊಪ್ಪು ಬೇರೆ, ಕಾಗದ ಬೇರೆ, ಒಡೆಯರು ಬೇರೆ. “ಅಣ್ತಮ್ಮಂದ್ರು ಭಾಗ ಆದಂಗೆ ಕಣಣ್ಣ, ಮನೆತನದ ಹೆಸ್ರು ಮಾತ್ರ ಎಲ್ರಿಗೂ” ಎಂದರು ಎರ್ರಪ್ಪ. ಆದರೆ ಹೊರದೇಶದ ಪ್ಯಾಕನ್ನು ಅವರು ಕಣ್ಣಿನಿಂದ ನೋಡಿದವರಲ್ಲ. ಆಗ ಅಪ್ಪನ ಸರದಿ. ಅಣ್ಣ, ನೀನು ಅದನ್ನು ಕೇಳಬೇಕಿತ್ತು. ಮಾರಿಷಸ್ಸಿನದರಲ್ಲಿ ಹಕ್ಕಿಯ ಕಾಲ ಕೆಳಗೆ ಫ್ರೆಂಚ್ ಅಕ್ಷರ, ಹಿಂದೆ ಒಂದು ತೆಂಗಿನ ಮರ. ಬಹ್ರೇನಿನದರಲ್ಲಿ ಕೊಕ್ಕರೆ ಎಡಕ್ಕೆ ನೋಡುವುದು ಬಿಟ್ಟು ಬಲಕ್ಕೆ ತಿರುಗಿದೆ. ಅರಬ್ಬಿ ಬರಹ ಬಲದಿಂದ ಶುರುವಾಗುವುದರಿಂದ ಹಾಗಿರಬೇಕು ಎಂದು ಅಪ್ಪ ತಾನೇ ಊಹಿಸಿಕೊಂಡಿದ್ದಾನೆ. ಜೋರ್ಡಾನಿನದರ ಅಂಚಿಗೆ ಬಂಗಾರದ ಗೆರೆ. ಬಹ್ರೇನಿನ ಕೆಲಸ ಬಿಟ್ಟಾಗ ನೀನು ತಿಂಗಳುಗಟ್ಟಲೆ ಕಾಗದ ಬರೆಯಲಿಲ್ಲ, ನೆನಪಿದೆಯಾ? ಅತ್ತಿಗೆ ಗಾಬರಿಯಾಗಿದ್ದಳು. ಆಗ ಯಾರದೋ ಕೈಯಲ್ಲಿ ಬಂಗಾರದ ಗೆರೆಯ ಪ್ಯಾಕು ಬಂತು. “ಮಗ ಊರು ಬದಲ್ ಮಾಡ್ಯಾನ, ಕೆಲಸ ಸಿಕ್ಕೈತಿ, ಅಳಬ್ಯಾಡ ಅಂತ ಸೊಸಿಗೆ ಹೇಳಿದೆ” ಎಂದು ಅಪ್ಪ ಎರ್ರಪ್ಪನವರಿಗೆ ಎದೆಯುಬ್ಬಿಸಿ ಹೇಳಿದ. ಎರ್ರಪ್ಪ ಎಲ್ಲ ಕೇಳಿ, “ಅದ್ಸರಿ, ರುಚಿ ಹೆಂಗಿತ್ತು? ಅರಬ್ಬರದ್ದು ಖಾರ ಜಾಸ್ತಿ ಅಂತಾರೆ” ಎಂದರು. ಅಪ್ಪ “ಇತ್ತಪ್ಪ, ಹಿಂಗs ಇತ್ತು” ಎಂದು ಹುಳದ ಮನೆಯ ಕಡೆ ಎದ್ದು ಹೋದ. ನಾನು ಆಗ ಅದನ್ನು ಗಮನಿಸಲಿಲ್ಲ.

ಇನ್ನೊಂದು ಸಂಗತಿ. ಹಳದಿ ಪ್ಯಾಕು ಹೊಸದಾಗಿ ಬಂದಾಗ ಪ್ರಚಾರಕ್ಕೆಂದು ಕಂಪೆನಿಯ ವ್ಯಾನು ಸಂತೆಗಳಿಗೆ ಬರುತ್ತಿತ್ತಂತೆ. ಅದರೊಂದಿಗೆ ಮರಗಾಲು ಕಟ್ಟಿಕೊಂಡು, ಬಿಳಿ ನಿಲುವಂಗಿ, ತಗಡಿನ ಕೊಕ್ಕು ಹಾಕಿಕೊಂಡು ಒಬ್ಬ ಮನುಷ್ಯ ಕೊಕ್ಕರೆ. ಮೇಲಿನಿಂದ ಬಗ್ಗಿ ಬಗ್ಗಿ ಜನರ ಕೈಗೆ ಬಿಟ್ಟಿ ಸಿಗರೇಟು ಕೊಡುತ್ತಿದ್ದ. ಅಪ್ಪ ಮೊದಲ ಸಿಗರೇಟು ಸೇದಿದ್ದು ರಾಯದುರ್ಗದ ಸಂತೆಯಲ್ಲಿ ಅವನ ಕೈಯಿಂದ ಇಸಿದುಕೊಂಡು. ಅದನ್ನು ಅಪ್ಪ ನಗುತ್ತಲೇ ಹೇಳಿದ. ಎರ್ರಪ್ಪ ನಗಲಿಲ್ಲ. “ಆ ಮರಗಾಲಿನೋನು ನಾನೇ ಕಣಣ್ಣ” ಎಂದರು. ಅಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ, “ಎಷ್ಟ್ ಎತ್ತರ ಕಾಣ್ತಿದ್ದಿ ಮಾರಾಯ! ಈಗ ನೋಡಿದ್ರ ನನ್ನ ಹೆಗಲಿಗೆ ಬರ್ತಿ” ಎಂದು ಅವರ ಬೆನ್ನು ತಟ್ಟಿದ. ಅಷ್ಟೇ. ಆದರೆ ಫಲಿತಾಂಶದ ದಿನ ನಾವು ಬಸ್ ಸ್ಟ್ಯಾಂಡಿಗೆ ಹೋದರೆ ಎರ್ರಪ್ಪ ಕೊಡೆ ಹಿಡಿದು ಮೊದಲೇ ಬಂದು ನಿಂತಿದ್ದರು. “ನಾನೂ ಬತ್ತೀನಿ. ಚೌಡೇಶ ಹುಳ ಬಿಟ್ಟು ಬರಾಕಾಗಲ್ಲ” ಎಂದು ಅಪ್ಪನ ಕೈಚೀಲ ಇಸಿದುಕೊಂಡು ಬಸ್ಸು ಹತ್ತಿಯೇಬಿಟ್ಟರು.

ಬೆಂಗಳೂರಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕನ್ನಡದವರು. ಕಾಗದ ಓದಿ ತಲೆಯೆತ್ತಿ, “ಇದು ಟಿ.ಬಿ. ಅಮ್ಮ, ಕ್ಯಾನ್ಸರ್ ಕಣಗಳು ಸಿಕ್ಕಿಲ್ಲ” ಎಂದರು. ನನಗೆ ತಕ್ಷಣ ಅರ್ಥವಾಗಲಿಲ್ಲ. ಅಪ್ಪ ಮುಂದಕ್ಕೆ ಬಾಗಿ, “ಅಂದ್ರ ಅದಲ್ಲೇನ್ರಿ?” ಎಂದ. “ಅದಲ್ಲ ಅಜ್ಜ. ಮಾತ್ರೆ ತಪ್ಪದೆ ನುಂಗಿದರೆ ಪೂರ್ತಿ ವಾಸಿಯಾಗುತ್ತೆ.” ನಾನು ಜೋರಾಗಿ ನಕ್ಕುಬಿಟ್ಟೆ ಅಣ್ಣ. ಆಸ್ಪತ್ರೆಯಲ್ಲಿ, ಅಷ್ಟು ಜನರ ನಡುವೆ. ನಗು ನಿಲ್ಲಲಿಲ್ಲ, ನಗುತ್ತಲೇ ಅಳು ಬಂತು. ಎರ್ರಪ್ಪ ಕೊಡೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು. ಟಿ.ಬಿ. ಎಂದು ಕೇಳಿ ಇಷ್ಟು ಸಂತೋಷಪಟ್ಟವರನ್ನು ಆ ಡಾಕ್ಟರಮ್ಮ ನೋಡಿರಲಿಕ್ಕಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಕ್ಷಯ ಎಂದರೆ ಮನೆಯ ಹೊರಗೆ ತಟ್ಟೆ ಇಡುತ್ತಿದ್ದರು. ನಾವು ಆಸ್ಪತ್ರೆಯ ಎದುರಿಗಿನ ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ ತಿಂದೆವು. ಅಪ್ಪ ಎರಡನೆಯದನ್ನೂ ತರಿಸಿದ. ಇನ್ನು ಬೀಡಿ ಸಿಗರೇಟು ಮುಟ್ಟಿದರೆ ಔಷಧಿ ನಾಟುವುದಿಲ್ಲ ಎಂದು ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದರು. ಅಪ್ಪ ಹೋಟೆಲಿನಿಂದ ಹೊರಗೆ ಬಂದವನೇ ಜೇಬಿನಲ್ಲಿದ್ದ ಹಳದಿ ಪ್ಯಾಕನ್ನು ತೆಗೆದು ಎರ್ರಪ್ಪನವರ ಕೈಗಿಟ್ಟು, “ನಿನ್ನ ಹಕ್ಕಿ ನೀನs ಇಟ್ಗ” ಎಂದ. ಅವರು ಅದನ್ನು ಅಲ್ಲೇ ಕಸದ ಡಬ್ಬಿಗೆ ಹಾಕಿದರು.

ಈಗ ನಿನಗಾಗಿ ಬರೆಯಬೇಕಾದ ಮುಖ್ಯ ಮಾತು. ರಾಯದುರ್ಗಕ್ಕೆ ಬಂದ ಮೇಲೆ ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆ ತೊಳೆಯಲು ಹೊರಟಳು. ಹಾಸಿಗೆಯೆಲ್ಲ ಬಿಸಿಲಿಗೆ ಹಾಕಿದಳು. ಕೊಕ್ಕರೆ ಎನ್ನುವುದು ಈ ಮನೆಯಲ್ಲಿ ಒಂದೂ ಉಳಿಯಬಾರದೆಂದು ಅಪ್ಪನ ಮಂಚದ ಕೆಳಗಿದ್ದ ತಗಡಿನ ಟ್ರಂಕು ಎಳೆದಳು. ಅಪ್ಪ “ಅದನ್ನ ಬಿಡವ್ವ” ಎಂದು ಎದ್ದು ಬಂದ. ಅವಳು ಬಿಡುತ್ತಾಳೆಯೇ? ಬೀಗ ತೆಗೆಸಿದಳು. ಒಳಗೆ ಅಮ್ಮನ ಧಾರೆ ಸೀರೆ, ಅದರ ಮೇಲೆ ನೀನು ಕಳಿಸಿದ ಪ್ಯಾಕುಗಳು. ಮಾರಿಷಸ್ಸಿನವು, ಬಹ್ರೇನಿನವು, ಜೋರ್ಡಾನಿನವು, ಆ ಸಿಂಗಪುರದ್ದು, ಸಾಲಾಗಿ, ಹೊಲಿಗೆ ಹಾಕಿದ ಹಾಗೆ ಓರಣವಾಗಿ. ನಾನು ಒಂದನ್ನು ಕೈಗೆ ತೆಗೆದುಕೊಂಡೆ. ಮೇಲಿನ ತೆಳು ಪ್ಲಾಸ್ಟಿಕ್ಕು ಹಾಗೇ ಇತ್ತು. ಇನ್ನೊಂದು ತೆಗೆದೆ, ಅದೂ ಹಾಗೆಯೇ. ಅತ್ತಿಗೆ ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಒಂದನ್ನೂ ಒಡೆದಿಲ್ಲ ಅಣ್ಣ. ಒಂದೇ ಒಂದನ್ನೂ. ಅಪ್ಪ ಸೇದಿದ್ದೆಲ್ಲ ಇಲ್ಲಿನ ಹಳದಿಯದು. ನೀನು ಕಳಿಸಿದ್ದನ್ನು ಅವನು ಬಾಯಿಗೇ ಇಟ್ಟಿಲ್ಲ.

“ಮತ್ತ ಯಾಕ ತರಿಸಿಕೊಂಡಿ? ಬ್ಯಾಡ ಅಂತ ಹೇಳಬೇಕಿಲ್ಲೇನ?” ಎಂದು ನಾನು ರೇಗಿದೆ. ಅಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ನೆಲ ನೋಡುತ್ತಾ ಹೇಳಿದ: “ಬ್ಯಾಡ ಅಂದ್ರ ಅವ ಏನ್ ಕಳಿಸ್ಯಾನು? ಹೋಗಬ್ಯಾಡ ಅಂತ ಬೈದು ಕಳಿಸಿದವ ನಾನು. ಹೋಗಿ ವರ್ಷ ಮಾತಾಡಲಿಲ್ಲ ಅವ. ಮೊದಲ್ನೇ ಸಲ ಬಂದಿದ್ದು ಇದs. ಮಗ ಕಳಿಸಿದ್ದನ್ನ ಸುಟ್ಟು ಬೂದಿ ಮಾಡಾಕ ಬರತೈತೇನವ್ವ?” ಅತ್ತಿಗೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಣ್ಣ, ಇದನ್ನು ನಾನು ನನ್ನ ಕಣ್ಣಾರೆ ಕಂಡದ್ದು, ನಿನ್ನನ್ನು ಸಮಾಧಾನ ಮಾಡಲು ಕಟ್ಟಿ ಹೇಳುತ್ತಿಲ್ಲ. ನಿನ್ನ ಕೈಯಿಂದ ಅಪ್ಪನ ಎದೆಗೆ ಒಂದು ಎಳೆ ಹೊಗೆಯೂ ಹೋಗಿಲ್ಲ. ಆ ಮಾತನ್ನು ಇನ್ನೆಂದೂ ಆಡಬೇಡ, ಮನಸ್ಸಿನಲ್ಲೂ ಆಡಿಕೊಳ್ಳಬೇಡ.

ಆ ಸಂಜೆ ಅಪ್ಪನೇ ಕತ್ತರಿ ಹಿಡಿದು ಕೂತ. ತಪ್ಪು ಹೊಲಿಗೆ ಬಿಚ್ಚುವ ಹಾಗೆ ಒಂದೊಂದರ ಅಂಚು ಬಿಡಿಸಿ ಸಿಗರೇಟುಗಳನ್ನು ಬಕೆಟ್ಟಿನ ನೀರಿಗೆ ಸುರಿದ. ಆ ನೀರನ್ನು ಅತ್ತಿಗೆ ಹಿತ್ತಲಿನ ಕರಿಬೇವಿನ ಗಿಡಕ್ಕೆ ಚಿಮುಕಿಸಿದಳು, ಹೇನು ಹತ್ತಿ ಮುರುಟಿದ್ದ ಎಲೆ ಈಗ ಚಿಗುರುತ್ತಿದೆ. ಖಾಲಿ ಪ್ಯಾಕುಗಳನ್ನು ಅಪ್ಪ ಮತ್ತೆ ಟ್ರಂಕಿಗೆ ಇಟ್ಟುಕೊಂಡ, ಸಿಂಗಪುರದ್ದೊಂದನ್ನು ಬಿಟ್ಟು. ಅದನ್ನು ಅತ್ತಿಗೆ ಒಲೆಗೆ ಹಾಕಿದಳು.

ಮಾತ್ರೆಗಳು ಸರಕಾರದ್ದು, ಪುಕ್ಕಟೆ. ಅಂಗನವಾಡಿಯ ಪಂಪಮ್ಮನ ಹತ್ತಿರ ಅಪ್ಪನ ಹೆಸರು ಬರೆದ ಒಂದು ಡಬ್ಬಿಯೇ ಇದೆ. ಅಪ್ಪ ದಿನ ಬಿಟ್ಟು ದಿನ ಅಲ್ಲಿಗೆ ಹೋಗಿ, ಪುಟ್ಟ ಕುರ್ಚಿಯ ಮೇಲೆ ಕೂತು, ಅವಳ ಕಣ್ಣೆದುರಿಗೇ ನುಂಗಬೇಕು. ಮಕ್ಕಳೆಲ್ಲ ಸುತ್ತ ನಿಂತು “ತಾತಾ, ಆ ಅನು” ಎನ್ನುತ್ತಾರಂತೆ. ಮೊದಲ ದಿನ ಮೂತ್ರ ಕೆಂಪಗೆ ಹೋಯಿತೆಂದು ಹೆದರಿ ಪಂಚೆ ಕಟ್ಟಿಕೊಳ್ಳುವುದನ್ನೂ ಮರೆತು ಓಡಿಬಂದಿದ್ದ. ಅದು ಮಾತ್ರೆಯ ಬಣ್ಣ ಎಂದು ಪಂಪಮ್ಮ ಹೇಳಿದ ಮೇಲೆ ಉಸಿರು ಬಂತು. ಸಂಜೆ ಸಂಜೆ ಬರುತ್ತಿದ್ದ ಜ್ವರವೂ ಬಿಟ್ಟಿದೆ. ಎರಡು ಮುದ್ದೆ ಉಣ್ಣುತ್ತಾನೆ. ಅತ್ತಿಗೆಗೂ ಮೌನಿಕಾಗೂ ಪರೀಕ್ಷೆ ಮಾಡಿಸಿದೆವು, ಇಬ್ಬರಿಗೂ ಏನೂ ಇಲ್ಲ. ನಮ್ಮ ಹುಳವೂ ಗೂಡು ಕಟ್ಟಿದೆ. ಚೌಡೇಶ್ ಒಬ್ಬರೇ ಹಿಂದೂಪುರದ ಮಾರುಕಟ್ಟೆಗೆ ಗೂಡು ಒಯ್ದು ಬಂದರು. ಎರ್ರಪ್ಪ ನಿನ್ನೆ ಫೋನು ಮಾಡಿಸಿ ಅಪ್ಪನ ತೂಕ ಕೇಳಿದರು.

ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾನೆ. ಅತ್ತಿಗೆ ಹೇಳಿದ್ದನ್ನು ಬರೆಯುವುದಿಲ್ಲ, ಅದನ್ನು ಅವಳೇ ಬೇರೆ ಕಾಗದದಲ್ಲಿ ಬರೆದು ಅಂಟಿಸಿದ್ದಾಳೆ. ಮೌನಿಕಾಳ ಮುತ್ತುಗಳು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಪ್ರೀತಿಯ ತಂಗಿ
ಬನಶಂಕರಿ

ಮರೆತ ಮಾತು, ಅವಸರದಲ್ಲಿ: ಈ ಕಾಗದ ಒಯ್ಯಲು ನಿನ್ನ ಫ್ಯಾಕ್ಟರಿಯ ಗುಮ್ಮಘಟ್ಟದ ಆಂಜನೇಯ ಈಗಷ್ಟೇ ಬಂದ. ಹೊರಗೆ ಆಟೋ ಕಾಯುತ್ತಿದೆ. ಚಹಾ ಕುಡಿಯುತ್ತಾ ಬಾಯಿಬಿಟ್ಟ. ರಮ್ಜಾನಿನಿಂದ ನೀನೂ ಕೆಮ್ಮುತ್ತಿದ್ದೀಯಂತೆ. ಬೆಲ್ಟಿಗೆ ಹೊಸ ತೂತು ಹಾಕಿಸಿದ್ದೀಯಂತೆ. ಎದೆಯ ಫೋಟೋ ತೆಗೆಸಿ ಏನಾದರೂ ಕಂಡರೆ ಕಂಪೆನಿಯವರು ವಿಮಾನ ಹತ್ತಿಸಿಬಿಡುತ್ತಾರೆಂದು ಯಾರಿಗೂ ಹೇಳದೆ ಇದ್ದೀಯಂತೆ. ಯುಗಾದಿಗೆ ಬಂದಾಗ ನೀನು ಅಪ್ಪನ ಪಕ್ಕದಲ್ಲೇ ಮಲಗಿದ್ದವನು. ನಾಳೆಯೇ ಹೋಗಿ ತೆಗೆಸು. ಮುಚ್ಚಿಡಬೇಡ. ಅತ್ತಿಗೆಗೆ ಹೇಳಿದೆ. ಅವಳು ಅಳಲಿಲ್ಲ, “ಕಳಿಸಿದ್ರ ಕಳಿಸ್ಲಿ, ನಮಗ ಮನಿಷ್ಯಾ ಬೇಕು ಅಂತ ಬರಿ” ಎಂದಳು. ಅಪ್ಪ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ, ಇನ್ನೊಂದು ಡಬ್ಬಿಯ ಮೇಲೆ ನಿನ್ನ ಹೆಸರು ಬರೆಸಬಹುದೇ ಎಂದು ಪಂಪಮ್ಮನನ್ನು ಕೇಳಿಬರಲು.